ಇರುವಷ್ಟು ದಿನದ ಪೂಜೆ

ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಚರ್ಚನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಹಾಸನದ ಕಡೆಗೆ ಹೋಗದಿದ್ದವರಿಗೂ ವಾಟ್ಸಾಪ್‌ನಲ್ಲಿ ಅದರ ಫೋಟೋ ಬಂದೇ ಇರುತ್ತದೆ. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಒಳಗೆ ನಡೆದಾಡಬಹುದು. ಸೂರಿಲ್ಲ, ಗೋಡೆ ಕಮಾನುಗಳಿವೆ. ಮದುವೆಗೆ ಮುಂಚಿನ ಫೋಟೋಶೂಟ್‌ನವರಿಗೆ ಚೆಂದದ ಜಾಗ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಅದು. ಆಮೇಲೆ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಬಂತು, 1979ರಲ್ಲಿ ಕೆಲಸ ಮುಗಿಯಿತು. ಊರಿನವರು ಮನೆ, ಹೊಲ ಬಿಟ್ಟು ಬೇರೆ ಕಡೆ ನೆಲೆಸಿದರು. ಚರ್ಚು ಅಲ್ಲೇ ಉಳಿಯಿತು. ಅಷ್ಟು ದಪ್ಪ ಗೋಡೆ ಎಬ್ಬಿಸಿದವರು ಎಷ್ಟು ತಲೆಮಾರಿಗೆಂದು ಎಣಿಸಿದ್ದರೋ, ಅಲ್ಲಿ ಜನ ಸೇರಿದ್ದು ನೂರು ವರ್ಷಕ್ಕೆ ತುಸು ಹೆಚ್ಚು.

ಈಚೆಗೆ ನನ್ನ ತಲೆಯಲ್ಲಿ ಓಡುತ್ತಿರುವುದು ಆ ಗೋಡೆಗಳು ಕೇಳಿಸಿಕೊಂಡ ಭಾಷೆಯ ಲೆಕ್ಕ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಕಥೋಲಿಕರ ಬಲಿಪೂಜೆ ನಮ್ಮ ಕಡೆಯೂ ಲ್ಯಾಟಿನ್‌ನಲ್ಲೇ ಇತ್ತು. ಅಂದರೆ ಶೆಟ್ಟಿಹಳ್ಳಿಯಲ್ಲಿ ಸುಮಾರು ನೂರು ವರ್ಷ ಪೂಜೆ ನಡೆದದ್ದು ಕೂತವರಿಗೆ ಅರ್ಥವಾಗದ ಭಾಷೆಯಲ್ಲಿ. ಕನ್ನಡದ ಪೂಜೆ ನಡೆದದ್ದು ಹೆಚ್ಚೆಂದರೆ ಹತ್ತು ಹದಿನೈದು ವರ್ಷ. ಆದರೆ ಆ ನೂರು ವರ್ಷವೂ ಜನ ಮನೆಯಲ್ಲಿ ಸಂಜೆ ದೀಪ ಹಚ್ಚಿ ಜಪಸರ ಹೇಳಿದ್ದು, ಸತ್ತವರಿಗಾಗಿ ಬೇಡಿಕೊಂಡಿದ್ದು ತಮ್ಮ ಮನೆಮಾತಿನಲ್ಲಿಯೇ.

ಈ ಲೆಕ್ಕಕ್ಕೆ ಕಾರಣವಿದೆ. ಪುಣೆಯಲ್ಲಿ ನಾವು ಹೋಗುವ ಚರ್ಚಿನಲ್ಲಿ ತಿಂಗಳ ಎರಡನೇ ಭಾನುವಾರ ಸಂಜೆ ಕನ್ನಡ ಪೂಜೆ ಇದೆ. ಹನ್ನೆರಡು ವರ್ಷದ ಹಿಂದೆ ನಾನು ಇಲ್ಲಿಗೆ ಬಂದಾಗ ಅರವತ್ತು ಜನ ಸೇರುತ್ತಿದ್ದರು. ಈಗ ಇಪ್ಪತ್ತು, ಇಪ್ಪತ್ತೈದು. ಮಕ್ಕಳಿಗೆ ಬೆಳಗಿನ ಇಂಗ್ಲಿಷ್ ಪೂಜೆಯೇ ಸಲೀಸು, ನನ್ನ ಮಗಳಿಗೂ. ಇದುವರೆಗೆ ಬಂದು ಪೂಜೆ ಅರ್ಪಿಸುತ್ತಿದ್ದ ಕನ್ನಡದ ಫಾದರ್‌ಗೆ ವರ್ಗವಾಗಿದೆ. ಮುಂದೇನು ಎಂದು ತೀರ್ಮಾನಿಸಲು ಸಭೆ ಕರೆದಿದ್ದಾರೆ. "ಹೇಗೂ ಇನ್ನೈದು ವರ್ಷಕ್ಕೆ ನಿಲ್ಲುವುದೇ. ಈಗಲೇ ಗೌರವವಾಗಿ ಮುಗಿಸೋಣ" ಎನ್ನುವುದು ಕೆಲವರ ಮಾತು. ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ. ಕುರ್ಚಿ ಜೋಡಿಸಿ, ಹಾಡು ಕಲಿಸಿ ಸುಸ್ತಾದವರೇ ಹೇಳುತ್ತಿರುವುದು.

ನನ್ನ ಕೆಲಸದಲ್ಲಿ ಇಂಥ ಮಾತು ಹೊಸದಲ್ಲ. ನಾವು ಆರೇಳು ಜನ ಏಳು ವರ್ಷ ಬರೆದು, ತಿದ್ದಿ, ಸಾಕಿದ್ದ ಒಂದು ಸಾಫ್ಟ್‌ವೇರನ್ನು ಹೋದ ವರ್ಷ ಬಂದ್ ಮಾಡಿದರು. ಶುಕ್ರವಾರ ರಾತ್ರಿ ಸರ್ವರ್ ಆಫ್, ಸೋಮವಾರ ಹೊಸದು ಶುರು. ನನಗೆ ದೊಡ್ಡ ಬೇಸರವೇನೂ ಆಗಲಿಲ್ಲ. ಏಳು ವರ್ಷ ಅದರ ಮೂಲಕ ಸಾವಿರಾರು ಜನರ ಸಂಬಳ ಸರಿಯಾಗಿ ತಲುಪಿತ್ತು. ಆದರೆ ಯಾವ ವ್ಯವಸ್ಥೆಯನ್ನೂ ಹಾಗೆ ನಿಲ್ಲಿಸುವ ಮುಂಚೆ ನಾವೊಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಇವತ್ತು ಇದನ್ನು ಯಾರು ಬಳಸುತ್ತಿದ್ದಾರೆ? ಅವರಿಗೆ ಬೇರೆ ದಾರಿ ಸಿದ್ಧವಾಗುವವರೆಗೆ ಸ್ವಿಚ್ ಮುಟ್ಟುವ ಹಾಗಿಲ್ಲ.

ಕನ್ನಡ ಪೂಜೆಯನ್ನು ಬಳಸುತ್ತಿರುವವರು ನನಗೆ ಗೊತ್ತು. ಎರಡನೇ ಸಾಲಿನಲ್ಲಿ ಕೂರುವ ಒಬ್ಬ ಅಜ್ಜಿಗೆ ಎಂಬತ್ತರ ಹತ್ತಿರ. ಚಿಕ್ಕಮಗಳೂರು ಕಡೆಯವರು, ಮಗನ ಮನೆಗೆ ಬಂದು ನಾಲ್ಕು ವರ್ಷವಾಯಿತು. ಮನೆಯವರನ್ನು ಬಿಟ್ಟರೆ ಅವರೊಡನೆ ಕನ್ನಡದಲ್ಲಿ ಮಾತಾಡುವವರು ಸಿಗುವುದು ಆ ಸಂಜೆ ಮಾತ್ರ. ಹೋದ ತಿಂಗಳು ನನ್ನ ಕೈ ಹಿಡಿದು ಕೇಳಿದರು: "ಇಂಗ್ಲಿಷ್ ಫಾದರ್ ಹತ್ರ ಪಾಪನಿವೇದನೆ ಹೆಂಗಪ್ಪಾ ಮಾಡ್ಲಿ? ಸುಮ್ನೆ ತಲೆ ಆಡಿಸಿ ಬರಬೇಕಷ್ಟೆ." ನಕ್ಕುಕೊಂಡೇ ಹೇಳಿದರು. ನನಗೆ ನಗು ಬರಲಿಲ್ಲ. ಹಿಂದಿನ ಸಾಲಿನಲ್ಲಿ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಎರಡು ಕುಟುಂಬಗಳು ಕೂರುತ್ತವೆ. ಕಟ್ಟಡ ಮುಗಿದರೆ ಅವರು ಬೇರೆ ಊರಿಗೆ ಹೊರಡುವವರು. ಚರ್ಚಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಸಭೆಗೂ ಅವರನ್ನು ಯಾರೂ ಕರೆದಿಲ್ಲ.

ಹಾಗಾಗಿ ಸಭೆಯಲ್ಲಿ ಕನ್ನಡ ಪೂಜೆ ಇಲ್ಲಿ ಸದಾ ಉಳಿಯುತ್ತದೆ ಎಂದು ನಾನು ವಾದ ಮಾಡುವುದಿಲ್ಲ. ಉಳಿಯುವುದಿಲ್ಲ. ಕಲ್ಲು, ಗಾರೆಯ ಚರ್ಚೇ ಉಳಿಯಲಿಲ್ಲ. ನಾನು ಕೇಳುವುದು ಇಷ್ಟೇ: ಅಜ್ಜಿ ಬರುವಷ್ಟು ದಿನ ನಡೆಯಲಿ. ಎರಡು ತಿಂಗಳಿಗೊಮ್ಮೆ ಕನ್ನಡ ಬಲ್ಲ ಫಾದರ್ ಒಬ್ಬರನ್ನು ಬೇರೆ ಚರ್ಚಿನಿಂದ ಕರೆಸೋಣ, ಪಾಪನಿವೇದನೆಯೂ ಆ ದಿನ ಆಗಲಿ. ಅವರು ಬರದ ತಿಂಗಳು ನಾವೇ ಕೂತು ಕನ್ನಡದಲ್ಲಿ ಜಪಸರ ಹೇಳೋಣ. ಅದಕ್ಕೆ ಫಾದರ್ ಬೇಕಿಲ್ಲ, ಶೆಟ್ಟಿಹಳ್ಳಿಯವರಿಗೂ ಬೇಕಿರಲಿಲ್ಲ. ಕಾರು ಇರುವ ನಾವು ನಾಲ್ಕು ಜನ ಸರದಿಯ ಮೇಲೆ ವಯಸ್ಸಾದವರನ್ನು ಕರೆತರಬಹುದು. ರಾಯಚೂರಿನವರನ್ನು ಸಭೆಗೆ ಕರೆಯುವ ಕೆಲಸ ನಾನೇ ಒಪ್ಪಿಕೊಂಡಿದ್ದೇನೆ.

ನಿಮ್ಮ ಊರಿನಲ್ಲಿ ಅದು ಭಜನಾ ಮಂಡಳಿ ಇರಬಹುದು, ಸಂಘದ ಲೈಬ್ರರಿ ಇರಬಹುದು, ಶನಿವಾರದ ಕನ್ನಡ ಕ್ಲಾಸ್ ಇರಬಹುದು. ಮುಚ್ಚುವ ಮಾತು ಬಂದಾಗ ಇನ್ನೆಷ್ಟು ವರ್ಷ ನಡೆದೀತು ಎಂದು ಎಲ್ಲರೂ ಕೇಳುತ್ತಾರೆ. ಈಗ ಯಾರು ಬರುತ್ತಿದ್ದಾರೆ ಎಂದೂ ಒಬ್ಬರಾದರೂ ಕೇಳಿ.

ಸಭೆ ಬರುವ ಎರಡನೇ ಭಾನುವಾರ. ಏನಾಯಿತೆಂದು ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.