ಸಮಪಾಲು ಅಂದ್ರೆ ನ್ಯಾಯವಾ?

ಬಿಲ್ ಬಂತು. 2,160 ರೂಪಾಯಿ, ಆರು ಜನ. "ತಲೆಗೆ 360, ಬೇಗ ಕಳಿಸ್ರೋ" ಅಂತ ಒಬ್ಬ ಕ್ಯೂಆರ್ ಕೋಡ್ ತೋರಿಸಿದ. ಎಲ್ಲರೂ ಕಳಿಸಿದೆವು. ನಮ್ಮಲ್ಲೊಬ್ಬ ತಿಂದಿದ್ದು ಬರೀ ಜೀರಾ ರೈಸ್, ದಾಲ್. 150 ರೂಪಾಯಿಯೂ ಆಗಿರಲಿಲ್ಲ. ಅವನೂ ಮಾತಾಡದೆ 360 ಕಳಿಸಿದ. ಅವತ್ತಿನಿಂದ ಊಟಕ್ಕೆ ಕರೆದಾಗೆಲ್ಲ "ಅಸೈನ್‌ಮೆಂಟ್ ಬಾಕಿ ಇದೆ, ನೀವು ಹೋಗ್ಬನ್ನಿ" ಅನ್ನೋಕೆ ಶುರು ಮಾಡಿದ. ನಮ್ಮೆಲ್ಲರಿಗೂ ಇದ್ದಿದ್ದು ಅದೇ ಅಸೈನ್‌ಮೆಂಟ್ ಅಂತ ಹೊಳೆಯೋಕೆ ನಮಗೆ ಒಂದು ತಿಂಗಳು ಬೇಕಾಯ್ತು.

ಸಮಪಾಲು ಮೇಲ್ನೋಟಕ್ಕೆ ನ್ಯಾಯ ಅನ್ಸುತ್ತೆ. ಆದರೆ ಲೆಕ್ಕ ಹಾಕಿ ನೋಡಿ. ಆರು ಜನರಲ್ಲಿ ಒಬ್ಬ 300 ರೂಪಾಯಿಯ ಸ್ಟಾರ್ಟರ್ ತರಿಸಿಕೊಂಡರೆ ಅವನ ಜೇಬಿನಿಂದ ಹೋಗೋದು 50 ಮಾತ್ರ. ಉಳಿದ 250 ಬೇರೆಯವರದು. ಹೀಗಾಗಿ ಎಲ್ಲರ ಕಣ್ಣೂ ದುಬಾರಿ ಐಟಂ ಕಡೆಗೇ ಹೋಗುತ್ತೆ. ಇಸ್ರೇಲಿನಲ್ಲಿ ವಿದ್ಯಾರ್ಥಿಗಳನ್ನೇ ಹೋಟೆಲಲ್ಲಿ ಕೂರಿಸಿ ಇದನ್ನು ಪರೀಕ್ಷಿಸಿದ್ದಾರೆ. ಅಧ್ಯಯನ 2004ರಲ್ಲಿ ಪ್ರಕಟವಾಯಿತು. ತಂತಮ್ಮ ಬಿಲ್ ತಾವೇ ಕೊಡಬೇಕಾದವರಿಗಿಂತ ಸಮಪಾಲಿನವರು ಹೆಚ್ಚು ತರಿಸಿಕೊಂಡಿದ್ದರು.

ನಮ್ಮ ಬೆಂಗಳೂರಿನ ದರ್ಶಿನಿಗಳಲ್ಲಿ ಈ ತಾಪತ್ರಯವೇ ಇಲ್ಲ. ಮೊದಲು ಕ್ಯಾಶ್ ಕೌಂಟರ್, ಆಮೇಲೆ ತಿಂಡಿ. ಒಬ್ಬ ಇಡ್ಲಿ ತಗೊಂಡ, ಇನ್ನೊಬ್ಬ ಮಸಾಲೆ ದೋಸೆ ತಗೊಂಡ. ಇಬ್ಬರೂ ಒಂದೇ ಟೇಬಲ್ಲಿಗೆ ಬಂದು ನಿಂತು ತಿಂತಾರೆ. ಯಾರ ಜೇಬಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಾಗಲ್ಲ.

ಓಡಾಟದಲ್ಲೂ ಇದೇ ಕಥೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳು ಫ್ರೀ. ಬಸ್ಸಿಗೆ ಕಾಯೋಕೆ ಬೇಜಾರಾಗಿ ನಾವು ಹುಡುಗರು "ಆಟೋಲಿ ಹೋಗೋಣ, ತಲೆಗೆ ಅರವತ್ತಷ್ಟೇ" ಅಂತೀವಿ. ನಮಗದು ಬಸ್ ಟಿಕೆಟಿಗಿಂತ ಸ್ವಲ್ಪ ಜಾಸ್ತಿ. ಜೊತೆಗಿರೋ ಗೆಳತಿಗೆ ಅರವತ್ತಕ್ಕೆ ಅರವತ್ತೂ ಹೊಸ ಖರ್ಚು. ಅವಳನ್ನ ಯಾರೂ ಕೇಳಿರಲ್ಲ.

"ಫ್ರೆಂಡ್ಸ್ ಮಧ್ಯೆ ಏನು ಲೆಕ್ಕ ಮಗಾ, ಜುಗ್ಗ ಆಗ್ಬೇಡ" ಅನ್ನೋರಿದ್ದಾರೆ. ನಾವು ಗಮನಿಸಿದ ಹಾಗೆ, ಈ ಮಾತು ಸಾಮಾನ್ಯವಾಗಿ ಸ್ಟಾರ್ಟರ್ ತಿಂದವರ ಬಾಯಲ್ಲೇ ಬರುತ್ತೆ. ನಾವೂ ಹಾಗೆ ಅಂದವರೇ. ಕಡಿಮೆ ತಿಂದವನು ಬಾಯಿಬಿಟ್ಟು ಲೆಕ್ಕ ಕೇಳಲ್ಲ, ಬರೋದನ್ನೇ ನಿಲ್ಲಿಸ್ತಾನೆ.

ಅದಕ್ಕೆ ಈಗ ಎರಡು ರೂಲ್ ಮಾಡ್ಕೊಂಡಿದ್ದೀವಿ. ಬಿಲ್ ಬಂದಾಗ ಒಬ್ಬರು ಗಟ್ಟಿಯಾಗಿ ಓದ್ತಾರೆ, ತಿಂದವರು ಕೊಡ್ತಾರೆ. ಹಂಚಿ ತಿಂದಿದ್ದಕ್ಕೆ ಮಾತ್ರ ಪಾಲು. ಆಟೋ ಹಿಡಿಯೋ ಮುಂಚೆ, ಬಸ್ಸಲ್ಲಿ ಹೋಗಬಹುದಾದವರನ್ನು ಕೇಳ್ತೀವಿ. ಎರಡೇ ನಿಮಿಷದ ಕೆಲಸ. ನೀವೂ ಮಾಡಿ ನೋಡಿ.

ಹೋದ ವಾರ ಆ ಗೆಳೆಯ ಮತ್ತೆ ಬಂದಿದ್ದ. ದರ್ಶಿನಿಯಲ್ಲಿ ಅವನೇ ಕೌಂಟರಿಗೆ ಹೋಗಿ ಮೂರು ಬೈ-ಟು ಕಾಫಿ ಹೇಳಿದ. ಆರು ಲೋಟ ಬಂತು. ಅಸೈನ್‌ಮೆಂಟ್ ಸುದ್ದಿ ಯಾರೂ ಎತ್ತಲಿಲ್ಲ.