ಚಪ್ಪಾಳೆಯಿಂದ ದೇಶ ಉಳಿಯುತ್ತದೆಯೇ?

ಕ್ರಿಸ್‌ಮಸ್ ಹತ್ತಿರವಾದಂತೆ ಮಾಲ್‌ಗಳಲ್ಲಿ, ರೀಲ್ಸ್‌ಗಳಲ್ಲಿ ‘ಕ್ಯಾರಲ್ ಆಫ್ ದಿ ಬೆಲ್ಸ್’ ಕೇಳಿಸತೊಡಗುತ್ತದೆ. ನಾಲ್ಕು ಸ್ವರಗಳ ಒಂದು ತುಣುಕು ಮತ್ತೆ ಮತ್ತೆ ಸುತ್ತಿ ಬರುವ ಹಾಡದು. ‘ಹೋಮ್ ಅಲೋನ್’ ಸಿನಿಮಾ ನೋಡಿದವರಿಗೂ ಅದರ ಪರಿಚಯ ಇರುತ್ತದೆ. ಆದರೆ ಅದು ಉಕ್ರೇನಿನ ಹಾಡು ಎಂಬುದು ಗೊತ್ತಿರುವವರು ಕಡಿಮೆ.

ಮೈಕೋಲಾ ಲಿಯಾಂಟೊವಿಚ್ ಎಂಬ ಸಂಗೀತಗಾರ ಹೊಸ ವರ್ಷದ ಜನಪದ ಹಾಡೊಂದನ್ನು ಆಧರಿಸಿ ‘ಶ್ಚೆಡ್ರಿಕ್’ ರಚಿಸಿದರು. 1916ರಲ್ಲಿ ಕೀವ್‌ನಲ್ಲಿ ಅದರ ಮೊದಲ ಗಾಯನ ನಡೆಯಿತು. ಆಗಷ್ಟೇ ಸ್ವತಂತ್ರವಾಗಿದ್ದ ಉಕ್ರೇನಿನ ನಾಯಕ ಸೈಮನ್ ಪೆಟ್ಲಿಯೂರ 1919ರಲ್ಲಿ ಗಾಯನ ತಂಡವೊಂದನ್ನು ಯುರೋಪಿಗೆ ಕಳುಹಿಸಿದರು. ‘ನಾವೊಂದು ಪ್ರತ್ಯೇಕ ರಾಷ್ಟ್ರ, ನಮ್ಮನ್ನು ಗುರುತಿಸಿ’ ಎಂದು ಜಗತ್ತಿಗೆ ಹೇಳುವುದು ಅವರ ಉದ್ದೇಶವಾಗಿತ್ತು. ಆ ತಂಡ 1922ರ ಅಕ್ಟೋಬರ್ 5ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದಾಗ ಉಕ್ರೇನ್ ಸೋವಿಯತ್ ಹಿಡಿತಕ್ಕೆ ಹೋಗಿಯಾಗಿತ್ತು. ಲಿಯಾಂಟೊವಿಚ್ ಅವರನ್ನು 1921ರಲ್ಲೇ ಸೋವಿಯತ್ ಗುಪ್ತ ಪೊಲೀಸ್ ಪಡೆಯ ಏಜೆಂಟ್ ಒಬ್ಬ ಗುಂಡಿಟ್ಟು ಕೊಂದಿದ್ದ. 1936ರಲ್ಲಿ ಆ ಹಾಡಿಗೆ ಇಂಗ್ಲಿಷ್ ಸಾಹಿತ್ಯ ಬಂತು. ಹಾಡು ಉಳಿಯಿತು, ಅದನ್ನು ಕೊಟ್ಟ ದೇಶದ ಹೆಸರು ಮರೆಯಾಯಿತು.

2022ರ ಫೆಬ್ರುವರಿ 24ರ ದಾಳಿಯ ನಂತರ ಉಕ್ರೇನ್ ವಿದೇಶಗಳಲ್ಲಿ ನಡೆಸುತ್ತಿರುವ ಕಾರ್ಯಕ್ರಮಗಳನ್ನು ನೋಡುವಾಗ ನನಗೆ ಈ ಇತಿಹಾಸ ನೆನಪಾಗುತ್ತದೆ. ಯುದ್ಧದ ನಡುವೆ ಸಂಗೀತ, ಚಿತ್ರಕಲೆ ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ಪುಟಿನ್ 2021ರ ಜುಲೈನಲ್ಲಿ ಉದ್ದದ ಲೇಖನವನ್ನೇ ಬರೆದಿದ್ದರು. ‘ನೀವು ಪ್ರತ್ಯೇಕ ಜನರೇ ಅಲ್ಲ’ ಎನ್ನುವವರಿಗೆ ನಮ್ಮ ಹಾಡು, ನಮ್ಮ ಚಿತ್ರ, ನಮ್ಮ ಭಾಷೆ ಇಲ್ಲಿದೆ ಎಂದು ತೋರಿಸುವುದು ಕೂಡ ರಾಜಕೀಯ ಉತ್ತರವೇ.

ಉಕ್ರೇನಿನ ಕೆಲಸದ ರೀತಿಯನ್ನೂ ಗಮನಿಸಬೇಕು. ಇಂಟರ್‌ವ್ಯೂಗೆ ಹೋಗುವ ಮುನ್ನ ಕಂಪನಿಯ ಬಗ್ಗೆ ಓದಿಕೊಂಡು ಹೋಗಿ ಎಂದು ನಮಗೆ ಹೇಳುತ್ತಾರಲ್ಲ, ಝೆಲೆನ್‌ಸ್ಕಿ ಮಾಡಿದ್ದು ಅದನ್ನೇ. 2022ರ ಮಾರ್ಚ್‌ನಲ್ಲಿ ವಿಡಿಯೊ ಮೂಲಕ ಬ್ರಿಟಿಷ್ ಸಂಸದರ ಜತೆ ಮಾತನಾಡುವಾಗ ಶೇಕ್ಸ್‌ಪಿಯರ್‌ನನ್ನು ನೆನೆದರು. ಅಮೆರಿಕದ ಕಾಂಗ್ರೆಸ್ ಮುಂದೆ ಪರ್ಲ್ ಹಾರ್ಬರ್ ಪ್ರಸ್ತಾಪಿಸಿದರು. ಜರ್ಮನಿಯ ಸಂಸತ್ತಿನಲ್ಲಿ ಗೋಡೆಯ ಮಾತು ತೆಗೆದರು. ಕೇಳುಗರ ನೆನಪಿನ ಮೂಲಕವೇ ತಮ್ಮ ನೋವನ್ನು ವಿವರಿಸಿದರು.

ಇದರ ಫಲ ಕಾಣಿಸಿದ್ದೂ ಹೌದು. 2022ರ ಯೂರೋವಿಷನ್ ಸ್ಪರ್ಧೆಯಲ್ಲಿ ತೀರ್ಪುಗಾರರ ಅಂಕಗಳಲ್ಲಿ ಉಕ್ರೇನಿನ ಕಲುಶ್ ಆರ್ಕೆಸ್ಟ್ರಾ ನಾಲ್ಕನೇ ಸ್ಥಾನದಲ್ಲಿತ್ತು. ಜನರ ಮತಗಳಿಂದ ಬಂದ 439 ಅಂಕ ತಂಡವನ್ನು ಗೆಲ್ಲಿಸಿತು. ಅನುಕಂಪದ ಗೆಲುವು ಎಂದು ಟೀಕೆ ಬಂತು. ಆ ತಂಡ ಟ್ರೋಫಿಯನ್ನು 9 ಲಕ್ಷ ಡಾಲರ್‌ಗೆ ಹರಾಜು ಹಾಕಿ ಹಣವನ್ನು ಸೇನೆಯ ಡ್ರೋನ್‌ಗಳಿಗೆ ಕೊಟ್ಟಿತು. ಅನುಕಂಪ ಹೀಗೆ ಯಂತ್ರವಾಗಿ ಬದಲಾಗಿದ್ದು ಎಂಜಿನಿಯರಿಂಗ್ ಓದುವ ನನಗೆ ಅಚ್ಚರಿಯನ್ನೂ ಸ್ವಲ್ಪ ಕಳವಳವನ್ನೂ ತಂದಿತು. 2024ರಲ್ಲಿ ‘20 ಡೇಸ್ ಇನ್ ಮರಿಯುಪೋಲ್’ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದಾಗ ನಿರ್ದೇಶಕ ಮಸ್ತಿಸ್ಲಾವ್ ಚೆರ್ನೋವ್, ಈ ಚಿತ್ರ ಮಾಡುವ ಸಂದರ್ಭವೇ ಬಾರದಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತು ಹೇಳಿದರು.

ಆದರೆ ಈ ವೇದಿಕೆಗಳು ಹೆಚ್ಚಾಗಿ ಯುರೋಪ್ ಮತ್ತು ಅಮೆರಿಕದಲ್ಲೇ ಇವೆ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿದವು. ಮತದಾನದಿಂದ ದೂರ ಉಳಿದ 35 ದೇಶಗಳಲ್ಲಿ ಭಾರತವೂ ಒಂದು. ರಷ್ಯಾದೊಂದಿಗೆ ನಮ್ಮದು ದಶಕಗಳ ರಕ್ಷಣಾ ಸಂಬಂಧ, ಯುದ್ಧದ ನಂತರ ತೈಲ ಖರೀದಿಯೂ ಹೆಚ್ಚಿತು. ಇಂಥ ಲೆಕ್ಕಾಚಾರವನ್ನು ಒಂದು ಸಂಗೀತ ಕಛೇರಿ ಬದಲಿಸಲಾರದು. ಕರ್ನಾಟಕಕ್ಕೆ ಈ ಯುದ್ಧ ತಲುಪಿದ್ದು ಕಲೆಯ ಮೂಲಕವಲ್ಲ. ಅಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮವರು ‘ಆಪರೇಷನ್ ಗಂಗಾ’ದಲ್ಲಿ ಮರಳಿದಾಗ, ಒಬ್ಬ ವಿದ್ಯಾರ್ಥಿ ಮರಳದೇ ಹೋದಾಗ ಅದು ನಮ್ಮ ಮನೆಯ ಸುದ್ದಿಯಾಯಿತು. ‘ನಾಟು ನಾಟು’ ಹಾಡು ಚಿತ್ರೀಕರಣಗೊಂಡಿದ್ದು ಕೀವ್‌ನ ಮರಿಯಿನ್‌ಸ್ಕಿ ಅರಮನೆಯ ಮುಂದೆ, ದಾಳಿಗೆ ಕೆಲವೇ ತಿಂಗಳ ಮೊದಲು. ನಾವೆಲ್ಲ ಆ ಹಾಡಿಗೆ ಕುಣಿದೆವು. ಅರಮನೆ ಯಾವ ದೇಶದ್ದು ಎಂದು ಕೇಳಿದವರು ಎಷ್ಟು ಮಂದಿ?

ಇನ್ನೊಂದು ಎಚ್ಚರವೂ ಬೇಕು. ಸರ್ಕಾರದ ಬೆಂಬಲದಿಂದ ನಡೆಯುವ ಕಾರ್ಯಕ್ರಮದಲ್ಲಿ ಪ್ರಚಾರದ ಅಂಶ ಇದ್ದೇ ಇರುತ್ತದೆ. ಯುದ್ಧ ಮುಗಿಯುವವರೆಗೆ ಚೈಕೋವ್‌ಸ್ಕಿಯ ಸಂಗೀತ ನುಡಿಸಬೇಡಿ ಎಂದು ಉಕ್ರೇನಿನ ಸಂಸ್ಕೃತಿ ಸಚಿವರಾಗಿದ್ದ ಒಲೆಕ್ಸಾಂಡರ್ ಟ್ಕಾಚೆಂಕೊ 2022ರ ಡಿಸೆಂಬರ್‌ನಲ್ಲಿ ಮಿತ್ರ ದೇಶಗಳನ್ನು ಕೋರಿದರು. ಅವರ ಸಿಟ್ಟು ಅರ್ಥವಾಗುತ್ತದೆ. ಆದರೂ 1893ರಲ್ಲೇ ತೀರಿಕೊಂಡ ಸಂಗೀತಗಾರನನ್ನು ಈ ಯುದ್ಧಕ್ಕೆ ಹೊಣೆ ಮಾಡುವುದನ್ನು ನಾನು ಒಪ್ಪಲಾರೆ. ತಮ್ಮ ಹಾಡನ್ನು ಕೇಳಿಸಲು ಇನ್ನೊಬ್ಬರ ಹಾಡನ್ನು ನಿಲ್ಲಿಸಬೇಕಾಗಿಲ್ಲ.

ಚಪ್ಪಾಳೆಯೊಂದರಿಂದಲೇ ದೇಶ ಉಳಿಯುವುದಿಲ್ಲ ಎಂಬುದಕ್ಕೆ 1922 ಸಾಕ್ಷಿ. ಆದರೆ ಹೆಸರು ಜನರ ನಾಲಿಗೆಯ ಮೇಲೆ ಇದ್ದರೆ ಆ ದೇಶವನ್ನು ಸದ್ದಿಲ್ಲದೆ ಅಳಿಸಿಹಾಕುವುದು ಕಷ್ಟ. ನೂರು ವರ್ಷಗಳ ನಂತರ, 2022ರ ಡಿಸೆಂಬರ್‌ನಲ್ಲಿ ಅದೇ ಕಾರ್ನೆಗಿ ಹಾಲ್‌ನಲ್ಲಿ ‘ಶ್ಚೆಡ್ರಿಕ್’ ಮತ್ತೆ ಮೊಳಗಿತು. ಕಛೇರಿಯ ಹೆಸರು ‘ನೋಟ್ಸ್ ಫ್ರಮ್ ಉಕ್ರೇನ್’. ಈ ಸಲ ಹಾಡಿನ ಜತೆಗೆ ದೇಶದ ಹೆಸರೂ ಇತ್ತು.