ಎಚ್‌ಡಿ ಟಿವಿಗೆ ಹಳದಿ ಪಿನ್ ಯಾಕೆ?

ನಾನು ಬಿಇ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷದ ವಿದ್ಯಾರ್ಥಿ. ಊರು ಚಳ್ಳಕೆರೆ. ದಸರಾ ರಜೆಯಲ್ಲಿ ಮೊಳಕಾಲ್ಮುರಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ದೊಡ್ಡಪ್ಪ ರೇಷ್ಮೆ ಸೀರೆ ನೇಯುತ್ತಾರೆ. ಮನೆಗೆ 43 ಇಂಚಿನ ಟಿವಿ ಬಂದು ವರ್ಷವಾಗಿತ್ತು. ಆದರೂ ಕ್ರಿಕೆಟ್ ನೋಡಲು ಅವರು ಸ್ಟೂಲ್ ಎಳೆದುಕೊಂಡು ಟಿವಿಯ ಮುಂದೆಯೇ ಕೂರುತ್ತಿದ್ದರು. ‘ಸ್ಕೋರು ಕಾಣಲ್ಲ ಕಣಪ್ಪ, ಕಣ್ಣು ಮಂಜಾಗ್ತಾ ಐತೆ’ ಎಂದರು. ನೇಯುವವರಿಗೆ ಕಣ್ಣೇ ಅನ್ನ. ಆ ಮಾತು ಕೇಳಿ ನನಗೆ ಭಯವಾಯಿತು.

ಆದರೆ ಮಂಚದ ಮೇಲೆ ಕೂತ ನನಗೂ ಸ್ಕೋರು ಸರಿಯಾಗಿ ಕಾಣಲಿಲ್ಲ! ಎದ್ದು ಟಿವಿಯ ಹಿಂದೆ ಇಣುಕಿದೆ. ಎಚ್‌ಡಿ ಸೆಟ್‌ಟಾಪ್ ಬಾಕ್ಸ್‌ಗೂ ಟಿವಿಗೂ ಹಳದಿ, ಕೆಂಪು, ಬಿಳಿ ಪಿನ್‌ಗಳ ಹಳೆಯ ವೈರ್ ಹಾಕಿದ್ದರು. ಎಚ್‌ಡಿಎಂಐ ಪೋರ್ಟ್ ಖಾಲಿ ಇತ್ತು. ಬಾಕ್ಸ್ ಜೋಡಿಸಲು ಬಂದವರು ಹಳೆಯ ಟಿವಿಯ ವೈರನ್ನೇ ಸಿಕ್ಕಿಸಿ ಹೋಗಿದ್ದರು. ದೊಡ್ಡಪ್ಪ ವರ್ಷವಿಡೀ ಎಚ್‌ಡಿ ಚಾನೆಲ್‌ಗೆ ಹೆಚ್ಚಿನ ದುಡ್ಡು ಕಟ್ಟಿ ಹಳೆಯ ಚಿತ್ರವನ್ನೇ ನೋಡಿದ್ದರು.

ಲೆಕ್ಕ ಸರಳವಾಗಿದೆ. ಫುಲ್ ಎಚ್‌ಡಿ ಚಿತ್ರದಲ್ಲಿ 1920×1080, ಅಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿರುತ್ತವೆ. ಹಳದಿ ಪಿನ್ ಸಾಗಿಸುವುದು ಹಳೆಯ ಪಾಲ್ ಪದ್ಧತಿಯ 576 ಗೆರೆಗಳ ಚಿತ್ರವನ್ನು. ಚುಕ್ಕಿಗಳಲ್ಲಿ ಎಣಿಸಿದರೆ ಸುಮಾರು 4 ಲಕ್ಷ, ಐದರಲ್ಲಿ ಒಂದು ಪಾಲು. ಅದರ ಮೇಲೆ ಬೆಳಕು, ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ತುರುಕುವುದರಿಂದ ಅಕ್ಷರಗಳ ಅಂಚು ಕದಡುತ್ತದೆ. ಉಪಗ್ರಹದಿಂದ 36 ಸಾವಿರ ಕಿ.ಮೀ. ಡಿಜಿಟಲ್ ಆಗಿಯೇ ಬಂದ ಚಿತ್ರ ಕೊನೆಯ ಒಂದೂವರೆ ಮೀಟರ್‌ನಲ್ಲಿ ಕೆಡುತ್ತಿತ್ತು.

ಹಾಗೆಂದು ಅನಲಾಗ್ ಎಂದರೆ ಕೀಳು ಎಂದು ನಾನು ಹೇಳುವುದಿಲ್ಲ. ಹಸಿರು, ನೀಲಿ, ಕೆಂಪು ಪಿನ್‌ಗಳ ಕಾಂಪೊನೆಂಟ್ ಕೇಬಲ್ ಅನಲಾಗ್ ಆದರೂ ಎಚ್‌ಡಿ ಸಾಗಿಸಬಲ್ಲದು. ಅನಲಾಗ್ ಸಿಗ್ನಲ್ ಸೊರಗಿದರೆ ಚಿತ್ರ ಮಸುಕಾಗುತ್ತದೆ, ಆದರೂ ಕಾಣುತ್ತದೆ. ಡಿಜಿಟಲ್ ಒಂದು ಮಿತಿಯವರೆಗೆ ಚೊಕ್ಕವಾಗಿ ಬಂದು ಆಮೇಲೆ ಒಮ್ಮೆಲೇ ಕೈಕೊಡುತ್ತದೆ. ಅನಲಾಗ್ ಹಿಂದೆ ಸರಿಯಲು ಗುಣಮಟ್ಟವೊಂದೇ ಕಾರಣವಲ್ಲ, ನಕಲಿನ ಭಯವೂ ಇತ್ತು. ಎಚ್‌ಡಿಎಂಐನಲ್ಲಿ ನಕಲು ತಡೆಯುವ ಬೀಗ ಹಾಕಬಹುದು. 2010ರ ನಂತರ ತಯಾರಾದ ಬ್ಲೂ–ರೇ ಪ್ಲೇಯರ್‌ಗಳು ಅನಲಾಗ್ ಕಿಂಡಿಯಿಂದ ಎಚ್‌ಡಿ ಸಿನಿಮಾ ಕೊಡಬಾರದೆಂಬ ಲೈಸೆನ್ಸ್ ಷರತ್ತೇ ಬಂತು.

ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಲು ನಾನು ತಡವರಿಸುತ್ತಿದ್ದೆ. ಅವರು ಮಗ್ಗದ ಜಕಾರ್ಡ್ ಕಡೆ ಕೈ ತೋರಿಸಿ, ‘ರಟ್ಟಿನಲ್ಲಿ ತೂತು ಇದ್ರೆ ಎಳೆ ಏಳುತ್ತೆ, ಇಲ್ದಿದ್ರೆ ಇಲ್ಲ. ಅದೇ ತಾನೆ ನಿನ್ನ ಡಿಜಿಟಲ್ಲು?’ ಎಂದರು. ಸೊನ್ನೆ–ಒಂದರ ಪಾಠವನ್ನು ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚಳ್ಳಕೆರೆಗೆ ಬಂದು ಅಂಗಡಿಯಲ್ಲಿ ಎಚ್‌ಡಿಎಂಐ ಕೇಬಲ್ ಕೇಳಿದೆ. ಮೊದಲು ತೋರಿಸಿದ್ದು ಚಿನ್ನದ ಲೇಪದ್ದು, ₹1,200. ‘ಪಿಕ್ಚರ್ ಸೂಪರ್ ಬರುತ್ತೆ’ ಎಂದರು. ನಾನು ₹200ರ ಸಾಮಾನ್ಯ ಕೇಬಲ್ ತಗೊಂಡೆ. ಒಂದೆರಡು ಮೀಟರ್ ದೂರಕ್ಕೆ ಅದರಲ್ಲೂ ಸೊನ್ನೆ ಸೊನ್ನೆಯಾಗಿಯೇ, ಒಂದು ಒಂದಾಗಿಯೇ ತಲುಪುತ್ತದೆ. ಹತ್ತಿಪ್ಪತ್ತು ಮೀಟರ್ ಎಳೆಯುವುದಾದರೆ ಮಾತ್ರ ಕೇಬಲ್‌ನ ಗುಣಮಟ್ಟ ನೋಡಬೇಕು. ಈ ಕತೆ ಕೇಳಿ ದೊಡ್ಡಪ್ಪ, ‘ರಟ್ಟಿಗೆ ಚಿನ್ನದ ಬಣ್ಣ ಬಳಿದ್ರೆ ಸೀರೆ ಬುಟ್ಟಾ ಬದಲಾಗುತ್ತೇನು?’ ಎಂದು ನಕ್ಕರು.

ಕೇಬಲ್ ಹಾಕಿ, ಬಾಕ್ಸ್‌ನ ಸೆಟ್ಟಿಂಗ್ 1080ಕ್ಕೆ ಬದಲಿಸಿ, ಎಚ್‌ಡಿ ಚಾನೆಲ್ ಹಚ್ಚಿದೆ. ದೊಡ್ಡಪ್ಪ ಮಂಚದ ಮೇಲಿಂದಲೇ ಸ್ಕೋರು ಓದಿದರು. ‘ಹಂಗಾದ್ರೆ ಕಣ್ಣು ನೆಟ್ಟಗೈತೆ ಅನ್ನು’ ಎಂದರು. ಆದರೂ ಒಮ್ಮೆ ಕಣ್ಣು ತೋರಿಸಿಕೊಳ್ಳಿ ಎಂದು ಒತ್ತಾಯಿಸಿದ್ದೇನೆ.

2019ರಿಂದ ಚಾನೆಲ್‌ಗಳಿಗೆ ಬಿಡಿಬಿಡಿಯಾಗಿ ಬೆಲೆಯಿದೆ, ಎಚ್‌ಡಿಗೆ ಬೇರೆ ಬೆಲೆ. ದುಡ್ಡು ತೆಗೆದುಕೊಳ್ಳುವವರು ಸರಿಯಾದ ವೈರ್ ಹಾಕಿ, ಚಿತ್ರ ತೋರಿಸಿ ಹೋಗಬೇಕು. ಅದು ಗ್ರಾಹಕನ ಹಕ್ಕು. ಆದರೆ ಬೈಗುಳದಲ್ಲಿ ನಮ್ಮ ಪಾಲೂ ಇದೆ. ಸ್ಯಾಂಪ್ಲಿಂಗ್ ಥಿಯರಂ ಅನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದ ನಾನು ಎಂದೂ ಟಿವಿಯ ಹಿಂದೆ ನೋಡಿರಲಿಲ್ಲ. ಅಂದು ಅಂಗಡಿಯಲ್ಲಿ ನಾನು ಕೊಂಡದ್ದು ಒಂದಲ್ಲ, ಎರಡು ಕೇಬಲ್. ಹಿಂದಿನ ರಾತ್ರಿ ಮನೆಗೆ ಬಂದು ನೋಡಿದರೆ ನಮ್ಮ ಟಿವಿಗೂ ಹಳದಿ ಪಿನ್ನೇ ಇತ್ತು!

ಕೆಲಸಕ್ಕೆಂದು, ಓದಿಗೆಂದು ಊರು ಬಿಟ್ಟ ಗೆಳೆಯರೇ, ಮುಂದಿನ ಹಬ್ಬಕ್ಕೆ ಮನೆಗೆ ಹೋದಾಗ ಟಿವಿಯನ್ನು ಸ್ವಲ್ಪ ಜರುಗಿಸಿ ಹಿಂದೆ ನೋಡಿ. ಐದು ನಿಮಿಷದ ಕೆಲಸ. ನಮ್ಮನ್ನು ಓದಿಸಿದವರಿಗೆ ನಮ್ಮ ಓದು ಇಷ್ಟಾದರೂ ಉಪಯೋಗಕ್ಕೆ ಬರಲಿ.